ಗುರುತು ಸಿಕ್ಕಿತು, ನೆನಪಾಗಲಿಲ್ಲ

ಬಸ್ಸಿನಲ್ಲಿ ಎದುರು ಕೂತವರ ಮುಖ ಪರಿಚಿತ ಅನ್ನಿಸುತ್ತದೆ. ಎಲ್ಲಿ ನೋಡಿದ್ದೆಂದು ಮಾತ್ರ ಹೊಳೆಯುವುದಿಲ್ಲ. ಗುರುತು ಸಿಕ್ಕಿದೆ, ನೆನಪಾಗಿಲ್ಲ. ನಾವು ಸಲೀಸಾಗಿ ಎರಡು ಮಾಡಿ ಹೇಳುವ ಈ ಸಂಗತಿಯನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಲು ಸುಮಾರು ನೂರು ವರ್ಷ ಹಿಡಿಯಿತು.

1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ತಮ್ಮನ್ನೇ ಪ್ರಯೋಗಕ್ಕೊಡ್ಡಿಕೊಂಡು ಮರೆವನ್ನು ಅಳೆದ ಪುಸ್ತಕ ಬಂತು. ಹಳೆಯ ತಿಳಿವಳಿಕೆ ಅಡ್ಡ ಬರಬಾರದೆಂದು ಅವರು ಅರ್ಥವಿಲ್ಲದ ಉಚ್ಚಾರಗಳನ್ನು ಉರುಹೊಡೆದಿದ್ದರು. ಶಿಸ್ತು ದೊಡ್ಡದೇ. ಆದರೆ ನೆನಪಿನ ಜೀವಾಳವನ್ನೇ ಹೊರಗಿಟ್ಟು ಬಾಗಿಲು ಹಾಕಿದಂತಾಯಿತೇನೋ!

ಆ ಬಾಗಿಲು ತೆರೆದವರಲ್ಲಿ ಟೊರಾಂಟೊದ ಫರ್ಗಸ್ ಕ್ರೇಕ್ ಮತ್ತು ರಾಬರ್ಟ್ ಲಾಕ್‌ಹಾರ್ಟ್ ಮುಖ್ಯರು. ನೆನಪು ಉಳಿಯುವುದು ಕಲಿಯುವಾಗ ಮನಸ್ಸು ಎಷ್ಟು ಆಳಕ್ಕಿಳಿಯಿತು ಎಂಬುದರ ಮೇಲೆ ಎಂದು 1972ರಲ್ಲಿ ಅವರು ವಾದಿಸಿದರು. 1975ರಲ್ಲಿ ಕ್ರೇಕ್, ಎಂಡೆಲ್ ಟುಲ್ವಿಂಗ್ ಜೊತೆ ಸೇರಿ ಇದನ್ನು ಪರೀಕ್ಷೆಗಿಟ್ಟರು. ಒಂದು ಪದ ಕ್ಷಣಮಾತ್ರ ಮಿಂಚಿ ಮಾಯವಾಗುತ್ತದೆ. ಅದು ದೊಡ್ಡಕ್ಷರದಲ್ಲಿತ್ತೇ? ಇಂಥ ಪದಕ್ಕೆ ಪ್ರಾಸವಾಗುತ್ತದೆಯೇ? ಈ ವಾಕ್ಯದಲ್ಲಿ ಕೂರುತ್ತದೆಯೇ? ಇಷ್ಟೇ ಪ್ರಶ್ನೆ. ಆಮೇಲೆ ಪದಗಳ ಗುರುತು ಹಿಡಿಯಲು ಹೇಳಿದಾಗ, ಅರ್ಥ ಯೋಚಿಸಿದ ಪದಗಳೇ ಬಹಳ ಮುಂದಿದ್ದವು. ಒಂದು ಪ್ರಯೋಗದಲ್ಲಿ ಪದದ ಸ್ವರ-ವ್ಯಂಜನಗಳ ಜೋಡಣೆಯನ್ನು ಪರಿಶೀಲಿಸುವ ಕೆಲಸ ಕೊಟ್ಟರು. ಅದಕ್ಕೆ ಅರ್ಥದ ಪ್ರಶ್ನೆಗಿಂತ ಹೆಚ್ಚು ಹೊತ್ತು ಬೇಕಾಯಿತು, ಆದರೂ ನೆನಪು ಬಡವಾಗಿಯೇ ಉಳಿಯಿತು. ರಾತ್ರಿಯಿಡೀ ಕೂತು ಓದಿದ್ದೇನೆ ಎನ್ನುವ ವಿದ್ಯಾರ್ಥಿಗೆ ಇದು ಕಹಿ ಸುದ್ದಿ.

ಆದರೆ ಗುರುತು ಹಿಡಿದವರೆಲ್ಲ ನೆನಪಿಸಿಕೊಂಡರೇ? 1985ರಲ್ಲಿ ಟುಲ್ವಿಂಗ್ ಒಂದು ಸರಳ ಉಪಾಯ ಹೂಡಿದರು: ನೋಡಿದ ಆ ಗಳಿಗೆಯೇ ಮನಸ್ಸಿಗೆ ಬರುತ್ತದೆಯೇ, ಅಥವಾ ನೋಡಿದ್ದೆಂದು ಗೊತ್ತು ಅಷ್ಟೆಯೇ, ಎಂದು ಕೇಳಿದರು. 1988ರಲ್ಲಿ ಲಂಡನ್ನಿನ ಜಾನ್ ಗಾರ್ಡಿನರ್ ಅದನ್ನು ಆಳದ ಪ್ರಯೋಗಕ್ಕೆ ಜೋಡಿಸಿದರು. ಪ್ರಾಸದ ಬದಲು ಅರ್ಥಕ್ಕೆ ಮನಸ್ಸು ಕೊಟ್ಟಾಗ ‘ನೆನಪಿದೆ’ ಎಂಬ ಉತ್ತರಗಳು ಹೆಚ್ಚಿದವು. ‘ಗೊತ್ತಿದೆ’ ಎಂಬ ಉತ್ತರಗಳು ಇದ್ದಲ್ಲೇ ಇದ್ದವು. ಆಳದ ಲಾಭವೆಲ್ಲ ಒಂದೇ ಪಾಲಿಗೆ ಹೋಗಿತ್ತು.

ಆಳವೊಂದೇ ಸಾಲದೆಂಬ ತಕರಾರು 1977ರಲ್ಲೇ ಬಂದಿತ್ತು: ಪರೀಕ್ಷೆಯಲ್ಲಿ ಪ್ರಾಸವನ್ನೇ ಕೇಳಿದರೆ ಪ್ರಾಸ ಕಲಿತವರೇ ಗೆಲ್ಲುತ್ತಾರೆ. ಇನ್ನು ‘ನೆನಪಿದೆ’, ‘ಗೊತ್ತಿದೆ’ ಎಂಬುವು ಬೇರೆ ಅನುಭವಗಳಲ್ಲ, ಒಂದೇ ನೆನಪಿನ ಗಟ್ಟಿ-ಪೇಲವ ಮಟ್ಟಗಳು ಎನ್ನುವವರೂ ಇದ್ದಾರೆ. ಆ ಜಗಳ ಮುಗಿದಿಲ್ಲ. ಬಸ್ಸಿನ ಅನುಭವ ಬಲ್ಲ ನಾನು ಸದ್ಯಕ್ಕೆ ಟುಲ್ವಿಂಗ್ ಪಕ್ಷ.