ಕತ್ತಿಗೆ ಕನ್ನಡಿ ಹೊಳಪು: ಜಪಾನಿನ ಸಾಣೆಗಾರರ ಚರಿತ್ರೆ

ಸಂತೆಯಲ್ಲಿ ಸೈಕಲ್ ತುಳಿದು ಚಕ್ರ ತಿರುಗಿಸಿ, ಚೂರಿ, ಕುಡುಗೋಲಿಗೆ ಸಾಣೆ ಹಿಡಿಯುವವರನ್ನು ನಾವೆಲ್ಲ ನೋಡಿದ್ದೇವೆ. ಕಿಡಿ ಹಾರುತ್ತದೆ, ಐದೇ ನಿಮಿಷಕ್ಕೆ ಅಂಚು ಹರಿತವಾಗುತ್ತದೆ. ಜಪಾನಿನ ಉದ್ದ ಕತ್ತಿಯೊಂದಕ್ಕೆ ಕೈಯಲ್ಲೇ ಹೊಳಪು ಕೊಡಲು ವಾರಗಟ್ಟಲೆ ಹಿಡಿಯುತ್ತದೆ. ಆ ಕೆಲಸಗಾರನಿಗೆ ಅಲ್ಲಿ 'ತೊಗಿಶಿ' ಎಂದು ಹೆಸರು. ಬರೀ ಹರಿತಕ್ಕಾದರೆ ಇಷ್ಟು ದಿನ ಬೇಕಿಲ್ಲ. ಮತ್ತೇಕೆ ಈ ಶ್ರಮ?

ಉತ್ತರ ಕಮ್ಮಾರನ ಕುಲುಮೆಯಲ್ಲಿದೆ. ಅವನು ಕತ್ತಿಯ ಬೆನ್ನಿಗೆ ದಪ್ಪವಾಗಿ, ಅಂಚಿಗೆ ತೆಳ್ಳಗೆ ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಅಂಚು ಗಡುಸಾಗುತ್ತದೆ, ಬೆನ್ನು ಮೆದುವಾಗಿ ಉಳಿಯುತ್ತದೆ. ಎರಡರ ನಡುವಿನ ಅಲೆಯಂಥ ಗೆರೆಯೇ 'ಹಮೋನ್'. ಸರಿಯಾಗಿ ಉಜ್ಜುವ ತನಕ ಆ ಗೆರೆಯ ಸೊಗಸೂ ಕಾಣದು, ಉಕ್ಕಿನ ದೋಷವೂ ಕಾಣದು.

ಹಾಗಾಗಿ ಉಜ್ಜುವವನೇ ಪರೀಕ್ಷಕನೂ ಆದ. ಕ್ಯೋಟೋದ ಹೊನ್‌ಅಮಿ ಮನೆತನ ತಲೆಮಾರುಗಳ ಕಾಲ ಎರಡೂ ಕೆಲಸ ಮಾಡಿತು. ಅವರು ಕತ್ತಿಗೆ ಕೊಡುತ್ತಿದ್ದ ಮಡಿಸಿದ ಪ್ರಮಾಣಪತ್ರದ ಹೆಸರು 'ಒರಿಗಾಮಿ'. ಗುಣಮಟ್ಟ ಖಾತ್ರಿಯಾದ ವಸ್ತುವನ್ನು ಜಪಾನೀಯರು ಇಂದಿಗೂ 'ಒರಿಗಾಮಿ ಇರುವಂಥದ್ದು' ಎನ್ನುತ್ತಾರೆ. ಲಿಪಿಕಲೆ, ಕುಂಬಾರಿಕೆಗಳಲ್ಲಿ ಹೆಸರಾದ ಹೊನ್‌ಅಮಿ ಕೊಎತ್ಸು (1558–1637) ಇದೇ ಮನೆತನದವನು.

ಇಲ್ಲಿ ಕಲ್ಲು ಕದಲುವುದಿಲ್ಲ, ಕತ್ತಿ ಚಲಿಸುತ್ತದೆ. ತೊಗಿಶಿ ತಗ್ಗು ಪೀಠದ ಮೇಲೆ ಕೂತು, ಕಾಲಿನಿಂದ ಒತ್ತುವ ಮರದ ತುಂಡಿನಡಿ ಕಲ್ಲನ್ನು ಬಿಗಿಹಿಡಿಯುತ್ತಾನೆ. ನೀರು ಹಾಕುತ್ತ ಒರಟು ಕಲ್ಲಿನಿಂದ ನುಣ್ಣನೆಯ ಕಲ್ಲಿಗೆ ಸಾಗುತ್ತಾನೆ. ಪ್ರತಿ ಕಲ್ಲೂ ಹಿಂದಿನದರ ಗೀರುಗಳನ್ನು ಪೂರ್ತಿ ಅಳಿಸಬೇಕು. ಕೊನೆಗೆ ಕಾಗದದಷ್ಟು ತೆಳುವಾದ ಕಲ್ಲಿನ ಚೂರುಗಳನ್ನು ಬೆರಳಿನಡಿ ಇಟ್ಟು ತಿಕ್ಕುತ್ತಾನೆ.

ಕನ್ನಡಿ ಹೊಳಪು ಬರುವುದು ಬೆನ್ನಿಗೆ ಮತ್ತು ಅದರ ಪಕ್ಕದ ಪಟ್ಟಿಗೆ ಮಾತ್ರ. ಅಲ್ಲಿ ಉಕ್ಕಿನ ಕಡ್ಡಿಯಿಂದ ಒತ್ತಿ ಉಜ್ಜುತ್ತಾರೆ. ಅಂಚಿನ ಕಡೆ ಮಂಜು ಕವಿದಂಥ ಬಿಳುಪು ಉಳಿಸುತ್ತಾರೆ. ಇಡೀ ಕತ್ತಿ ಕನ್ನಡಿಯಾದರೆ ನೋಡುವವನ ಮುಖ ಕಂಡೀತು, ಉಕ್ಕು ಕಾಣದು.

1876ರಲ್ಲಿ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಸೈನಿಕರು, ಪೊಲೀಸರಂಥವರಿಗಷ್ಟೇ ವಿನಾಯಿತಿ. ಸಮುರಾಯ್‌ಗಳ ಸೊಂಟ ಬರಿದಾಯಿತು, ಕಸುಬು ಸೊರಗಿತು. 1945ರ ಸೋಲಿನ ನಂತರ ಆಕ್ರಮಿತ ಸೇನೆ ಕತ್ತಿಗಳನ್ನು ವಶಪಡಿಸಿಕೊಂಡಿತು, ಎಷ್ಟೋ ನಾಶವಾದವು. ಕಲಾಕೃತಿಗಳೆಂದು ವಾದಿಸಿ ಉಳಿದವನ್ನು ಕಾಪಾಡಿದವರು 1948ರಲ್ಲಿ ಸಂರಕ್ಷಣಾ ಸಂಘವನ್ನೇ ಕಟ್ಟಿದರು. ಆಯುಧವಾಗಿ ಸತ್ತ ಕತ್ತಿ, ನೋಡುವ ವಸ್ತುವಾಗಿ ಬದುಕಿತು. ಹಾಗೆ ನೋಡಬೇಕೆಂದರೆ ತೊಗಿಶಿ ಬೇಕೇ ಬೇಕು. 1975ರಲ್ಲಿ ಹೊನ್‌ಅಮಿ ನಿಶ್ಶು ಅವರನ್ನು ಜಪಾನ್ 'ಜೀವಂತ ರಾಷ್ಟ್ರೀಯ ನಿಧಿ' ಎಂದು ಗೌರವಿಸಿತು.

ಆದರೆ ಪ್ರತಿ ಹೊಳಪಿಗೂ ಬೆಲೆಯಿದೆ. ಉಜ್ಜಿದಷ್ಟೂ ಉಕ್ಕು ಸವೆಯುತ್ತದೆ. ಹೊರಪದರ ಕಳೆದು ಒಳಗಿನ ಮೆದು ಉಕ್ಕು ಇಣುಕಿದ ಕತ್ತಿಯನ್ನು ಅವರು 'ದಣಿದದ್ದು' ಎನ್ನುತ್ತಾರೆ. ಅದನ್ನು ಮತ್ತೆ ತುಂಬಿಕೊಡುವ ಕೈ ಯಾವುದೂ ಇಲ್ಲ. ಇತ್ತ ಕ್ಯೋಟೋ ಬೆಟ್ಟಗಳ ನುಣ್ಣನೆಯ ಕಲ್ಲಿನ ಗಣಿಗಳೂ ಬಹುತೇಕ ಮುಚ್ಚಿವೆ. ಹಾಗಾಗಿ ಎಷ್ಟು ಉಜ್ಜಬೇಕು ಎನ್ನುವುದಕ್ಕಿಂತ ಎಲ್ಲಿ ಕೈ ನಿಲ್ಲಿಸಬೇಕು ಎನ್ನುವುದೇ ತೊಗಿಶಿಯ ನಿಜವಾದ ವಿದ್ಯೆ ಎಂದು ನಮಗೆ ಅನಿಸುತ್ತದೆ.