ಒಂಟಿ ಓಟಕ್ಕೊಂದು ಸಮನಾದ ಅಖಾಡ

ದೀಪಾವಳಿ ಮುಗಿಯುತ್ತಿದ್ದಂತೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಹಬ್ಬದ ಕಾಲ ಶುರು. ಕೊರಳಿಗೆ ಕೊಬ್ಬರಿ ಹಾರ, ಮೈಮೇಲೆ ಜೂಲು, ಕೊಂಬಿಗೆ ಬಲೂನು ಕಟ್ಟಿಸಿಕೊಂಡ ಹೋರಿಗಳನ್ನು ಒಂದಾದ ಮೇಲೊಂದರಂತೆ ಅಖಾಡಕ್ಕೆ ಬಿಡುತ್ತಾರೆ. ಜನರ ಕೈಗೆ ಸಿಗದೆ, ಹಾರ ಕಳೆದುಕೊಳ್ಳದೆ ಹೋರಿ ಎಷ್ಟು ಬಿರುಸಾಗಿ ದಾಟಿತು ಎಂಬುದೇ ಲೆಕ್ಕ. ಒಬ್ಬೊಬ್ಬರಾಗಿ ಓಡಿ, ಗೆದ್ದವರು ಯಾರೆಂದು ಆಮೇಲೆ ತೀರ್ಮಾನಿಸುವ ಸ್ಪರ್ಧೆ ಈ ಸೀಮೆಗೆ ಹೊಸದಲ್ಲ. ಕಾರು ಓಟದ ಸಿಮ್ಯುಲೇಟರ್‌ಗಳಲ್ಲಿ ಇಂಥ ಒಂಟಿ ಓಟಕ್ಕೆ ‘ಟೈಮ್ ಟ್ರಯಲ್’ ಎಂದು ಹೆಸರು. ಒಬ್ಬರೇ ಓಡಿದಾಗ ನ್ಯಾಯವಾಗಿ ಅಳೆಯುವುದು ಹೇಗೆ ಎಂಬ ಹಳೆಯ ಪ್ರಶ್ನೆಗೆ ಅದು ಈವರೆಗಿನ ಅತ್ಯುತ್ತಮ ಉತ್ತರ.

ಅಳತೆಗೆ ಗಡಿಯಾರವೊಂದೇ ಸಾಲದು. ಕಂಬಳದಲ್ಲಿ ಈಗ ಲೇಸರ್ ಕಿರಣದಿಂದ ಸಮಯ ಹಿಡಿಯುತ್ತಾರೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ದೂ ಆಯಿತು. ಆದರೆ ಒಂದು ಕರೆಯ, ಅಂದರೆ ಓಟದ ಕಣದ, ಉದ್ದ ಇನ್ನೊಂದರದ್ದಲ್ಲ, ಕೆಸರಿನ ಹದವೂ ಬೇರೆ. ಸಮಯ ನಿಖರವಾದರೂ ಓಡಿದ ನೆಲ ಒಂದೇ ಆಗಿರಲಿಲ್ಲ.

ರ‍್ಯಾಲಿಗೂ ಇದೇ ತೊಡಕು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯ ರ‍್ಯಾಲಿಗಳಲ್ಲೂ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿಯಲ್ಲೂ ಕಾರುಗಳು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಪಕ್ಕದ ಸೀಟಿನ ಸಹಚಾಲಕ ಮುಂದಿನ ತಿರುವುಗಳನ್ನು ಓದಿ ಹೇಳುತ್ತಾನೆ. ಕಾಸರಗೋಡಿನ ಮೂಸಾ ಶರೀಫ್ ದೇಶಕ್ಕೆಲ್ಲ ಹೆಸರಾದದ್ದು ಈ ಕೆಲಸದಿಂದಲೇ. ಆದರೆ ಮೊದಲು ಹೋದವರ ಚಕ್ರದಡಿ ಸಡಿಲ ಜಲ್ಲಿ, ಹಿಂದೆ ಬಂದವರ ಕಣ್ಣಿಗೆ ಧೂಳು. ದಾರಿ ಒಂದೇ, ಸ್ಥಿತಿ ಒಂದೇ ಅಲ್ಲ.

ಈ ಕೊರತೆ ತುಂಬಿದ್ದು ಕಂಪ್ಯೂಟರ್ ಆಟಗಳು. 1982ರಲ್ಲಿ ಬಂದ ನಾಮ್ಕೊ ಕಂಪನಿಯ ‘ಪೋಲ್ ಪೊಸಿಷನ್’ ಆಟದಲ್ಲಿ ಮೊದಲು ಒಂಟಿಯಾಗಿ ಒಂದು ಸುತ್ತು ಓಡಿ ಅರ್ಹತೆ ಗಳಿಸಬೇಕಿತ್ತು. 1992ರ ‘ಸೂಪರ್ ಮಾರಿಯೊ ಕಾರ್ಟ್’ ನಮ್ಮದೇ ಹಿಂದಿನ ಓಟವನ್ನು ನೆರಳಿನಂತೆ ಎದುರು ಓಡಿಸಿತು. ಆ ‘ಗೋಸ್ಟ್’ ಇವತ್ತಿಗೂ ಟೈಮ್ ಟ್ರಯಲ್‌ನ ಮುಖ್ಯ ಗುರು. ಯಾವ ತಿರುವಿನಲ್ಲಿ ಬೇಗ ಬ್ರೇಕ್ ಹಿಡಿದೆವು, ಎಲ್ಲಿ ಆಕ್ಸಿಲರೇಟರ್ ತಡವಾಯಿತು ಎಂಬುದನ್ನು ಅದು ಕಣ್ಣೆದುರೇ ತೋರಿಸುತ್ತದೆ. 1998ರ ‘ಗ್ರಾಂ ಪ್ರಿ ಲೆಜೆಂಡ್ಸ್’ ಕಾರಿನ ನಡೆಯನ್ನು ನಿಜಕ್ಕೆ ತೀರಾ ಹತ್ತಿರ ತಂದಿತು. 2004ರ ‘ರಿಚರ್ಡ್ ಬರ್ನ್ಸ್ ರ‍್ಯಾಲಿ’ಯನ್ನು ಅಭಿಮಾನಿಗಳು ಇಂದಿಗೂ ಬಿಟ್ಟಿಲ್ಲ, ಅದರಲ್ಲಿ ಆನ್‌ಲೈನ್ ರ‍್ಯಾಲಿಗಳು ನಡೆಯುತ್ತಲೇ ಇವೆ. 2008ರಲ್ಲಿ ಆರಂಭವಾದ ‘ಐರೇಸಿಂಗ್’ ಎಂಬ ಸಿಮ್ಯುಲೇಟರ್ ನಿಜವಾದ ಟ್ರ್ಯಾಕ್‌ಗಳನ್ನು ಲೇಸರ್‌ನಿಂದ ಅಳೆದು, ಅವುಗಳ ಉಬ್ಬುತಗ್ಗನ್ನೂ ಪರದೆಗೆ ಇಳಿಸಿತು. ಅಲ್ಲಿನ ಟೈಮ್ ಟ್ರಯಲ್‌ನಲ್ಲಿ ಒಂದು ಅದೃಷ್ಟದ ಸುತ್ತು ಸಾಲದು. ಸತತ ಸುತ್ತುಗಳ ಸರಾಸರಿ ಬೇಕು.

ಹೊರಗಿನ ಲೋಕ ಇದನ್ನು ಗಂಭೀರವಾಗಿ ನೋಡುವಂತೆ ಮಾಡಿದ್ದು ನಿಸ್ಸಾನ್ ಮತ್ತು ಸೋನಿ 2008ರಲ್ಲಿ ಆರಂಭಿಸಿದ ಜಿಟಿ ಅಕಾಡೆಮಿ. ‘ಗ್ರಾನ್ ಟುರಿಸ್ಮೊ’ ಆಟದಲ್ಲಿ ಒಳ್ಳೆಯ ಸಮಯ ತೆಗೆದವರನ್ನು ಆರಿಸಿ ನಿಜವಾದ ಕಾರಿನಲ್ಲಿ ಕೂರಿಸಿದರು. ಮೊದಲ ವಿಜೇತ ಸ್ಪೇನ್‌ನ ಲೂಕಸ್ ಓರ್ಡೊನ್ಯೆಸ್ ಮುಂದೆ ಲೆ ಮಾನ್ಸ್‌ನ 24 ಗಂಟೆಗಳ ಓಟದಲ್ಲಿ ತನ್ನ ವಿಭಾಗದ ಪೋಡಿಯಂ ಏರಿದರು. 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ ಅವರ ಬದುಕು 2023ರಲ್ಲಿ ಸಿನಿಮಾ ಆಯಿತು. 2021ರ ಒಲಿಂಪಿಕ್ ವರ್ಚುವಲ್ ಸರಣಿಯ ಐದು ಕ್ರೀಡೆಗಳಲ್ಲಿ ಮೋಟಾರ್ ಓಟವೂ ಒಂದಾಗಿತ್ತು.

ಈಗಿನ ವ್ಯವಸ್ಥೆಯನ್ನು ಹತ್ತಿರದಿಂದ ನೋಡೋಣ. ‘ಗ್ರಾನ್ ಟುರಿಸ್ಮೊ 7’ರಲ್ಲಿ ಒಂದು ಟ್ರ್ಯಾಕ್, ನಿಗದಿತ ಷರತ್ತು, ಕೆಲವು ದಿನಗಳ ಗಡುವು ಕೊಡುತ್ತಾರೆ. ಅಗ್ರ ಸಮಯದ ಶೇ 3ರ ಒಳಗೆ ಬಂದವರಿಗೆ ಚಿನ್ನ, ಶೇ 5ರ ಒಳಗೆ ಬೆಳ್ಳಿ. ಅಗ್ರ ಸಮಯ 100 ಸೆಕೆಂಡ್ ಆಗಿದ್ದರೆ 103ರೊಳಗೆ ಮುಗಿಸಿದವರಿಗೆ ಚಿನ್ನ. ಗೆರೆ ದಾಟಿ ತಿರುವನ್ನು ಅಡ್ಡ ಹಾಯ್ದರೆ ಆ ಸುತ್ತು ಲೆಕ್ಕಕ್ಕಿಲ್ಲ. ಮಳೆ, ಧೂಳು, ಸರದಿ ಯಾವುದೂ ಯಾರಿಗೂ ಹೆಚ್ಚು ಕಡಿಮೆ ಆಗುವುದಿಲ್ಲ.

ದೊಡ್ಡ ಊರುಗಳಿಂದ ದೂರವಿರುವವರಿಗೆ ಇದರಿಂದ ಇನ್ನೊಂದು ಲಾಭವಿದೆ. ಗುಂಪಿನ ಓಟದಲ್ಲಿ ಇಂಟರ್ನೆಟ್ ಕ್ಷಣಕಾಲ ತಡವರಿಸಿದರೂ ಎದುರಿನ ಕಾರು ಇದ್ದಕ್ಕಿದ್ದಂತೆ ಬೇರೆಲ್ಲೋ ಕಾಣಿಸಿಕೊಂಡು ಡಿಕ್ಕಿಯಾಗುತ್ತದೆ. ಒಂಟಿ ಓಟದಲ್ಲಿ ಪಕ್ಕದಲ್ಲಿ ಯಾರೂ ಇಲ್ಲದ ಕಾರಣ ಆ ಭಯವಿಲ್ಲ. ಸುತ್ತು ಮುಗಿದ ಮೇಲೆ ಸಮಯ ಸರ್ವರ್ ತಲುಪಿದರೆ ಸಾಕು. ಸೊರಬದ ಹುಡುಗಿಯ ಸಮಯವೂ ಟೋಕಿಯೊದವನ ಸಮಯವೂ ಒಂದೇ ಪಟ್ಟಿಯಲ್ಲಿ ನಿಲ್ಲುತ್ತವೆ.

ಉಳಿದಿರುವ ಅಸಮಾನತೆ ಹಣದ್ದು. ಕನ್ಸೋಲ್, ಸ್ಟೀರಿಂಗ್, ಪೆಡಲ್ ಎಲ್ಲ ಸೇರಿದರೆ ಸಾಧಾರಣ ರೈತ ಕುಟುಂಬಕ್ಕೆ ಎಟುಕುವ ಮಾತಲ್ಲ. ಹಾಗೆಯೇ ಟೈಮ್ ಟ್ರಯಲ್ ಎಲ್ಲವನ್ನೂ ಕಲಿಸುವುದಿಲ್ಲ. ಇನ್ನೊಂದು ಕಾರನ್ನು ಹಿಂದಿಕ್ಕುವ, ಒತ್ತಡದಲ್ಲಿ ದಾರಿ ಬಿಟ್ಟುಕೊಡುವ ವಿದ್ಯೆ ಗುಂಪಿನ ಓಟದಲ್ಲೇ ಬರಬೇಕು.

ಆದರೂ ಕಾಲ ಅನುಕೂಲವಾಗಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್ ಬೇರೆ, ಹಣ ಕಟ್ಟಿ ಆಡುವ ಆಟ ಬೇರೆ ಎಂದು ಸ್ಪಷ್ಟವಾಗಿ ಹೇಳಿತು. ಮಕ್ಕಳ ಕೈಗೆ ಸ್ಟೀರಿಂಗ್ ಕೊಡಲು ಹಿಂಜರಿಯುವ ತಂದೆತಾಯಂದಿರು ಇದನ್ನು ತಿಳಿದಿರಬೇಕು. 2026ರ ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟದ ಇ-ಸ್ಪೋರ್ಟ್ಸ್ ಪಟ್ಟಿಯಲ್ಲಿ ‘ಗ್ರಾನ್ ಟುರಿಸ್ಮೊ 7’ ಸೇರಿದೆ. ತಾಲ್ಲೂಕಿನ ಒಂದು ಕಾಲೇಜೋ ಯುವಕ ಸಂಘವೋ ಮನಸ್ಸು ಮಾಡಿದರೆ ಸಾಕು. ಓಡುವವರು ಒಬ್ಬೊಬ್ಬರೇ ಆದ್ದರಿಂದ ಒಂದೇ ಸೆಟ್‌ನಲ್ಲಿ ಇಡೀ ಊರು ಸರದಿಯಂತೆ ಸ್ಪರ್ಧಿಸಬಹುದು. ಇಷ್ಟು ಕಡಿಮೆ ಬಂಡವಾಳದಲ್ಲಿ ಜಗತ್ತಿನ ಜೊತೆ ಸಮನಾಗಿ ಅಳೆಸಿಕೊಳ್ಳಲು ಬಿಡುವ ಮೋಟಾರ್ ಕ್ರೀಡೆ ಬೇರೊಂದಿಲ್ಲ.