ವಯಸ್ಸಿಗೊಂದು ತರಗತಿ, ಗಣಿತಕ್ಕೊಂದು ದಾರಿ

ಹನ್ನೆರಡು ವರ್ಷದ ಮಗು ಏಳನೆಯ ತರಗತಿಯ ಬೆಂಚಿನಲ್ಲಿರಬೇಕು ಎಂಬುದು ಶಾಲೆಗಳ ಲೆಕ್ಕಾಚಾರ. ಈ ಲೆಕ್ಕಾಚಾರಕ್ಕೆ ಒಗ್ಗದ ಮಗುವೊಂದು ಬಂದರೆ ಏನು ಮಾಡಬೇಕು?

1968ರ ಬೇಸಿಗೆಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಈ ಪ್ರಶ್ನೆ ಎದುರಾಯಿತು. ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ತರಗತಿಗೆ ಜೋಸೆಫ್ ಬೇಟ್ಸ್ ಎಂಬ 12 ವರ್ಷದ ಬಾಲಕ ಬರುತ್ತಿದ್ದ. ತನಗಿಂತ ದೊಡ್ಡವರನ್ನೇ ಅವನು ಹಿಂದೆ ಹಾಕಿದ್ದ. ವಿಷಯ ಮನಃಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿ ಅವರಿಗೆ ತಿಳಿಯಿತು. ಅವರು ಬಾಲಕನಿಗೆ ಕಾಲೇಜು ಪ್ರವೇಶದ ಎಸ್.ಎ.ಟಿ. ಪರೀಕ್ಷೆಯನ್ನೇ ಕೊಟ್ಟರು. ಅದೇಕೆ? ಏಳನೆಯ ತರಗತಿಯ ಪತ್ರಿಕೆಯಲ್ಲಿ ಇಬ್ಬರು ನೂರಕ್ಕೆ ನೂರು ಪಡೆದರೆ, ಯಾರು ಎಷ್ಟು ಮುಂದಿದ್ದಾರೆಂದು ಆ ಪತ್ರಿಕೆ ಹೇಳಲಾರದು. ಅದಕ್ಕೆ ಇನ್ನೂ ಉದ್ದದ ಅಳತೆಕೋಲು ಬೇಕು.

ಬೇಟ್ಸ್ ಸೊಗಸಾಗಿ ತೇರ್ಗಡೆಯಾದ. ಊರಿನ ಪ್ರೌಢಶಾಲೆಗಳು ಅವನನ್ನು ಮೇಲಿನ ತರಗತಿಗೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. 1969ರಲ್ಲಿ, 13ನೆಯ ವಯಸ್ಸಿಗೆ, ಅವನು ನೇರವಾಗಿ ವಿಶ್ವವಿದ್ಯಾನಿಲಯಕ್ಕೇ ಸೇರಿದ. ಮುಂದೆ ಕಂಪ್ಯೂಟರ್ ವಿಜ್ಞಾನಿಯಾದ.

ಸ್ಟ್ಯಾನ್ಲಿ 1971ರಲ್ಲಿ ಇಂಥ ಮಕ್ಕಳ ದೀರ್ಘಕಾಲದ ಅಧ್ಯಯನವನ್ನೇ ಆರಂಭಿಸಿದರು. 1972ರ ಮಾರ್ಚ್‌ನಲ್ಲಿ ಸುಮಾರು 450 ಮಕ್ಕಳು ಮೊದಲ ಪರೀಕ್ಷೆ ಬರೆದರು. ಅವರ ಬೋಧನಾ ಕ್ರಮ ಸರಳವಾಗಿತ್ತು: ಮೊದಲು ಪರೀಕ್ಷಿಸುವುದು, ಮಗುವಿಗೆ ಏನು ತಿಳಿದಿಲ್ಲವೆಂದು ಗುರುತಿಸುವುದು, ಅಷ್ಟನ್ನು ಮಾತ್ರ ಕಲಿಸುವುದು. ತಿಳಿದದ್ದನ್ನು ವರ್ಷವಿಡೀ ಮತ್ತೆ ಕೇಳುವ ಶಿಕ್ಷೆ ಅಲ್ಲಿರಲಿಲ್ಲ.

ವೇಗವೆಂದರೆ ಮಗುವನ್ನು ಎಲ್ಲ ವಿಷಯಗಳಲ್ಲೂ ಒಟ್ಟಿಗೇ ಮುಂದಕ್ಕೆ ದೂಡುವುದೆಂದು ತಿಳಿಯಬಾರದು. ಆಸ್ಟ್ರೇಲಿಯದ ಟೆರೆನ್ಸ್ ಟಾವ್ 8ನೆಯ ವಯಸ್ಸಿನಲ್ಲಿ ಎಸ್.ಎ.ಟಿ. ಗಣಿತದಲ್ಲಿ 800ಕ್ಕೆ 760 ಅಂಕ ಪಡೆದಿದ್ದ. ಗಣಿತಕ್ಕೆ ಮೇಲಿನ ತರಗತಿ, ಉಳಿದ ವಿಷಯಗಳಿಗೆ ಅದಕ್ಕಿಂತ ಕೆಳಗಿನ ತರಗತಿ – ಹೀಗೆ ಅವನ ಓದು ಸಾಗಿತು. 2006ರಲ್ಲಿ ಅವರಿಗೆ ಫೀಲ್ಡ್ಸ್ ಪದಕ ಸಂದಿತು.

ಆದರೆ ಅಳತೆಕೋಲೇ ಅಂತಿಮ ತೀರ್ಪಲ್ಲ. 1983ರಲ್ಲಿ ಸ್ಟ್ಯಾನ್ಲಿ ಹಾಗೂ ಕ್ಯಾಮಿಲ್ಲಾ ಬೆನ್ಬೋ ಒಂದು ಅಂಕಿಯನ್ನು ಪ್ರಕಟಿಸಿದರು. 13 ವರ್ಷ ತುಂಬುವ ಮೊದಲೇ ಗಣಿತದಲ್ಲಿ 700 ಅಂಕ ದಾಟಿದವರಲ್ಲಿ 13 ಬಾಲಕರಿಗೆ ಒಬ್ಬಳೇ ಬಾಲಕಿ! ಇದು ಹುಟ್ಟಿನಿಂದಲೇ ಬಂದ ವ್ಯತ್ಯಾಸವೆಂದು ಹಲವರು ಭಾವಿಸಿದರು. 1990ರ ದಶಕದ ಹೊತ್ತಿಗೆ ಆ ಅನುಪಾತ ಸುಮಾರು ನಾಲ್ಕಕ್ಕೆ ಒಂದಕ್ಕೆ ಇಳಿದಿತ್ತು. ಹತ್ತೇ ವರ್ಷಗಳಲ್ಲಿ ಮನುಷ್ಯನ ಹುಟ್ಟುಗುಣ ಬದಲಾಗುವುದುಂಟೆ? ಬದಲಾದದ್ದು ಬಾಲಕಿಯರಿಗೆ ಸಿಕ್ಕ ಅವಕಾಶ ಮತ್ತು ಉತ್ತೇಜನ ಎಂದೇ ತೋರುತ್ತದೆ.

ಆದ್ದರಿಂದ ಪರೀಕ್ಷೆಯಲ್ಲಿ ಗೆದ್ದವರಿಗೆ ದಾರಿ ತೆರೆದರಷ್ಟೇ ಸಾಲದು. ಪರೀಕ್ಷೆಯ ಕೊಠಡಿಗೇ ಬಾರದವರು ಯಾರು ಎಂದೂ ಕೇಳಬೇಕು. ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ, ಪಾಠ ಮುಗಿಯುವ ಮೊದಲೇ ಲೆಕ್ಕ ಮುಗಿಸಿ ಕಿಟಕಿಯಾಚೆ ನೋಡುತ್ತಿರುವ ಹುಡುಗಿಯನ್ನು ಯಾರಾದರೂ ಗಮನಿಸಿದ್ದಾರೆಯೇ?